ಫ್ರೆಂಚರ ಊಟದ ಮೇಜಿನ ಮೇಲೆ ಅಮೆರಿಕ

ಅಕ್ಕನ ಮಗಳು ಹುಟ್ಟಿ ಬೆಳೆದದ್ದು ನ್ಯೂಜೆರ್ಸಿಯಲ್ಲಿ. ಕಾಲೇಜಿನ ಮೂರನೇ ವರ್ಷದಲ್ಲಿ ಒಂದು ಸೆಮಿಸ್ಟರ್ ಓದೋಕೆ ಅಂತ ಫ್ರಾನ್ಸಿನ ರೆನ್ ನಗರಕ್ಕೆ ಹೋದಳು. ವಾಸ ಹಾಸ್ಟೆಲಿನಲ್ಲಲ್ಲ, ಒಂದು ಫ್ರೆಂಚ್ ಕುಟುಂಬದ ಮನೆಯಲ್ಲಿ. ಎರಡನೇ ದಿನ ರಾತ್ರಿ ಊಟಕ್ಕೆ ಕೂತಾಗ ಆ ಮನೆಯ ಅಜ್ಜ ಬ್ರೆಡ್ ಮುರಿಯುತ್ತಾ ಕೇಳಿದರಂತೆ: "ನಿಮ್ಮ ಮನೆಯಲ್ಲಿ ಎಷ್ಟು ಬಂದೂಕುಗಳಿವೆ?" ಒಂದೂ ಇಲ್ಲ ಅಂದಳು. ಅಜ್ಜನ ಮುಖದಲ್ಲಿ ಸಣ್ಣ ನಿರಾಸೆ. ನಿಮ್ಮಲ್ಲಿ ಮನೆಮಂದಿಯೆಲ್ಲ ಒಟ್ಟಿಗೆ ಕೂತು ಉಣ್ಣುವ ಪದ್ಧತಿ ಇದೆಯಾ ಅಂತ ಮನೆಯೊಡತಿಯ ಪ್ರಶ್ನೆ. ಹೈಸ್ಕೂಲ್ ಓದುವ ಮಗನದು ಇನ್ನೊಂದು: ಶಾಲೆಯ ಬಸ್ಸು ನಿಜಕ್ಕೂ ಹಳದಿ ಬಣ್ಣದ್ದೇ ಇರುತ್ತಾ?

"ಹಳದಿ ಬಸ್ಸಿಗೆ ಮಾತ್ರ ಸಲೀಸಾಗಿ ಹೌದು ಅಂದೆ ಮಾಮ," ಅಂತ ಮರುದಿನ ಫೋನಿನಲ್ಲಿ ಸಿಡುಕಿದಳು. ಇಡೀ ದೇಶದ ಪರವಾಗಿ ಜವಾಬು ಕೊಡೋಕೆ ತನ್ನನ್ನು ಯಾರು ನೇಮಿಸಿದರು ಅನ್ನುವುದು ಅವಳ ತಕರಾರು. ಅವಳ ಆ ಸಿಡುಕಿನ ನೆಪದಲ್ಲಿ ನಾನು ಈ ವಿಷಯ ಓದಲು ಶುರು ಮಾಡಿದೆ. ಓದುತ್ತಾ ಹೋದಂತೆ ಒಂದು ಸಂಗತಿ ನಿಚ್ಚಳವಾಯಿತು. ಅಮೆರಿಕದವರ ಬಗ್ಗೆ ಫ್ರೆಂಚರು ಇಟ್ಟುಕೊಂಡಿರುವ ಒಂದೊಂದು ಸಿದ್ಧ ಚಿತ್ರಕ್ಕೂ ಅದು ಅಚ್ಚಾದ ಕಾಲವೊಂದಿದೆ. ಆ ಕಾಲ ಗೊತ್ತಾದರೆ, ಅಜ್ಜ ಕೇಳುತ್ತಿರುವುದು ನಿಜಕ್ಕೂ ಏನನ್ನು ಅನ್ನುವುದೂ ಗೊತ್ತಾಗುತ್ತದೆ.

ಅಚ್ಚು ಅಂದದ್ದು ಸುಮ್ಮನೆ ಅಲ್ಲ. ಸ್ಟೀರಿಯೋಟೈಪ್ ಅನ್ನುವ ಪದ ಹುಟ್ಟಿದ್ದೇ ಪ್ಯಾರಿಸ್ಸಿನ ಛಾಪಖಾನೆಯಲ್ಲಿ. 1790ರ ದಶಕದಲ್ಲಿ ಫಿರ್ಮಾ ದಿದೊ ಎಂಬ ಮುದ್ರಕ, ಒಂದೊಂದೇ ಮೊಳೆ ಜೋಡಿಸಿ ಕಟ್ಟಿದ ಪುಟವನ್ನು ಒಟ್ಟಾಗಿ ಲೋಹದಲ್ಲಿ ಎರಕ ಹೊಯ್ದು ಪಡಿಯಚ್ಚು ಮಾಡುವ ಕ್ರಮಕ್ಕೆ ಆ ಹೆಸರಿಟ್ಟ. ಕ್ಲೀಷೆ ಅಂತೀವಲ್ಲ, ಅದೂ ಫ್ರೆಂಚ್ ಅಚ್ಚುಮನೆಯ ಮಾತೇ, ಹೆಚ್ಚುಕಡಿಮೆ ಅದೇ ವಸ್ತುವಿಗೆ. ಪಡಿಯಚ್ಚಿನ ಅನುಕೂಲ ಅಂದರೆ ಮತ್ತೆ ಮತ್ತೆ ಮೊಳೆ ಜೋಡಿಸುವ ಕೆಲಸ ತಪ್ಪುತ್ತದೆ, ಸಾವಿರಾರು ಪ್ರತಿ ತೆಗೆಯಬಹುದು. ತೊಡಕು ಅಂದರೆ ಒಂದಕ್ಷರ ತಪ್ಪಿದ್ದರೂ ತಿದ್ದುವುದು ಕಷ್ಟ. 1922ರಲ್ಲಿ ವಾಲ್ಟರ್ ಲಿಪ್‌ಮನ್ ಎಂಬ ಅಮೆರಿಕದ ಪತ್ರಕರ್ತ ಈ ಪದವನ್ನು ಅಚ್ಚುಮನೆಯಿಂದ ಎತ್ತಿಕೊಂಡು, ಜನರ ತಲೆಯೊಳಗೆ ಮೊದಲೇ ಕೂತಿರುವ ಚಿತ್ರಗಳಿಗೆ ಬಳಸಿದ. ಪದ ಫ್ರಾನ್ಸಿನದು, ಅರ್ಥ ಅಮೆರಿಕದ್ದು. ಊಟದ ಮೇಜಿನ ಜಗಳಕ್ಕೆ ಇದಕ್ಕಿಂತ ಸಮಪಾಲು ಸಿಗಲಿಕ್ಕಿಲ್ಲ.

ನಮ್ಮ ಅಡುಗೆಮನೆಯಲ್ಲೂ ಇದೇ ತರ್ಕ ಇದೆ. ಅನ್ನ ಬೆಂದಿದೆಯಾ ನೋಡಲು ಒಂದಗುಳು ಹಿಸುಕಿದರೆ ಸಾಕು. ಪಾತ್ರೆಯೊಳಗಿನ ಅಷ್ಟೂ ಅಕ್ಕಿ ಒಂದೇ ನೀರಿನಲ್ಲಿ, ಒಂದೇ ಉರಿಯಲ್ಲಿ ಬೆಂದಿರುವುದರಿಂದ ಆ ಲೆಕ್ಕ ಸರಿಹೋಗುತ್ತದೆ. ಮೂವತ್ತಮೂರು ಕೋಟಿಗೂ ಹೆಚ್ಚು ಜನರಿರುವ ದೇಶ ಒಂದೇ ಉರಿಯಲ್ಲಿ ಬೇಯುವುದಿಲ್ಲ. ಆದರೂ ಪರದೇಶದ ಹುಡುಗಿಯೊಬ್ಬಳು ಮನೆಗೆ ಬಂದರೆ ಹಿಸುಕಿ ನೋಡುವ ಆಸೆ ತಡೆಯುವುದು ಕಷ್ಟ.

ಈ ಹಿಸುಕಾಟ ಎಷ್ಟು ಹಳೆಯದು ಅನ್ನುವುದಕ್ಕೆ ಒಂದು ಊಟದ ಕಥೆಯೇ ಇದೆ. ಅಮೆರಿಕ ಸ್ವತಂತ್ರವಾದ ಹೊಸತರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಪ್ಯಾರಿಸ್ಸಿನ ಪಕ್ಕದ ಪಾಸ್ಸಿಯಲ್ಲಿ ರಾಯಭಾರಿಯಾಗಿದ್ದರು. ಆಗ ಫ್ರೆಂಚ್ ಪಂಡಿತರಲ್ಲಿ ಒಂದು ಸಿದ್ಧಾಂತ ಚಾಲ್ತಿಯಲ್ಲಿತ್ತು: ಅಮೆರಿಕದ ಹವೆ ತಂಪು, ತೇವ; ಅಲ್ಲಿ ಪ್ರಾಣಿಗಳು ಗಿಡ್ಡಾಗುತ್ತವೆ, ಕ್ಷೀಣಿಸುತ್ತವೆ ಅಂತ. ಮಹಾನ್ ನಿಸರ್ಗ ವಿಜ್ಞಾನಿ ಬ್ಯುಫೋನ್ ಇದನ್ನು ಪ್ರಾಣಿಗಳ ಬಗ್ಗೆ ಬರೆದಿದ್ದ. ಪಾದ್ರಿ ರೇನಾಲ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಅಲ್ಲಿ ನೆಲೆಸಿದ ಬಿಳಿಯರಿಗೂ ಅದೇ ಗತಿ ಅಂದಿದ್ದ. ಫ್ರಾಂಕ್ಲಿನ್ ಮನೆಯ ಔತಣವೊಂದರಲ್ಲಿ ರೇನಾಲ್ ಇದೇ ವಾದ ಶುರು ಹಚ್ಚಿಕೊಂಡ. ಮೇಜಿನ ಸುತ್ತ ಅರ್ಧ ಫ್ರೆಂಚರು, ಅರ್ಧ ಅಮೆರಿಕದವರು. ಫ್ರಾಂಕ್ಲಿನ್ ವಾದಕ್ಕೆ ಪ್ರತಿವಾದ ಹೂಡಲಿಲ್ಲ. ಎಲ್ಲರೂ ಒಮ್ಮೆ ಎದ್ದು ನಿಲ್ಲೋಣ, ಯಾರು ಕ್ಷೀಣಿಸಿದ್ದಾರೆ ನೋಡೋಣ ಅಂದರು. ಅಮೆರಿಕದವರೆಲ್ಲ ಎತ್ತರದ ಆಳುಗಳು. ಫ್ರೆಂಚರೆಲ್ಲ ಗಿಡ್ಡರು, ಅದರಲ್ಲೂ ರೇನಾಲ್ ತೀರಾ ಕುಳ್ಳ. ಈ ಪ್ರಸಂಗವನ್ನು ಥಾಮಸ್ ಜೆಫರ್ಸನ್ ಪತ್ರವೊಂದರಲ್ಲಿ ಬರೆದಿಟ್ಟಿದ್ದಾರೆ.

ಜೆಫರ್ಸನ್‌ಗೆ ಅಷ್ಟಕ್ಕೇ ಸಮಾಧಾನ ಇಲ್ಲ. ಫ್ರಾಂಕ್ಲಿನ್ ನಂತರ ಅದೇ ಹುದ್ದೆಗೆ ಬಂದ ಅವರು ನ್ಯೂ ಹ್ಯಾಂಪ್‌ಶೈರ್ ಕಡೆಯಿಂದ ಮೂಸ್ ಎಂಬ ದೈತ್ಯ ಕಡವೆಯ ಎಲುಬು, ಚರ್ಮಗಳನ್ನು ಹಡಗಿನಲ್ಲಿ ತರಿಸಿ 1787ರಲ್ಲಿ ಬ್ಯುಫೋನ್‌ಗೆ ತಲುಪಿಸಿದರು. ಪ್ರಯಾಣದಲ್ಲಿ ರೋಮ ಬಹಳಷ್ಟು ಉದುರಿ ಹೋಗಿತ್ತಂತೆ, ಪಾಪ. ಬ್ಯುಫೋನ್ ಮರುವರ್ಷವೇ ತೀರಿಕೊಂಡ. ಒಂದು ಸ್ಟೀರಿಯೋಟೈಪ್ ಮುರಿಯಲು ಸಮುದ್ರದಾಚೆಗೆ ಸತ್ತ ಕಡವೆ ಸಾಗಿಸಿದ ಇನ್ನೊಬ್ಬ ರಾಯಭಾರಿಯನ್ನು ನಾನಂತೂ ಕೇಳಿಲ್ಲ.

ಇದರಲ್ಲಿ ನನಗೆ ಮೋಜೆನಿಸುವುದು ಮುಂದಿನ ತಿರುವು. ಅಂದು ಅಮೆರಿಕದ್ದೆಲ್ಲ ಚಿಕ್ಕದು ಎಂಬ ದೂರಿತ್ತು. ಇಂದು ಅಮೆರಿಕದ್ದೆಲ್ಲ ದೊಡ್ಡದು ಎಂಬ ದೂರು: ಕಾರು, ಫ್ರಿಜ್ಜು, ಲೋಟ, ತಟ್ಟೆ, ಹೊಟ್ಟೆ. ಹೊಟ್ಟೆಯ ಮಾತಿಗೆ ಅಂಕಿಅಂಶದ ಆಸರೆಯೂ ಇದೆ. ಅಮೆರಿಕದ ವಯಸ್ಕರಲ್ಲಿ ಶೇ. 40ರಷ್ಟು ಮಂದಿಗೆ ಬೊಜ್ಜು; ಫ್ರಾನ್ಸಿನಲ್ಲಿ ಅದು ಶೇ. 17ರ ಆಸುಪಾಸು. ಆದರೆ ಊಟದ ಮೇಜಿನ ಮೇಲೆ ಬರುವ ಮಾತಿನ ಬಿಸಿ ಅಂಕಿಅಂಶದ್ದಲ್ಲ. ಆ ಬಿಸಿ 1999ರದು.

ಅದು ಹೀಗೆ. ಹಾರ್ಮೋನು ಚುಚ್ಚಿ ಬೆಳೆಸಿದ ದನದ ಮಾಂಸ ನಮಗೆ ಬೇಡ ಅಂತ ಐರೋಪ್ಯ ಒಕ್ಕೂಟ ಅಮೆರಿಕದ ಮಾಂಸವನ್ನು ತಡೆದಿತ್ತು. ಸೇಡಿಗೆ ಅಮೆರಿಕ ಐರೋಪ್ಯ ತಿನಿಸುಗಳ ಮೇಲೆ ಶೇ. 100ರ ಸುಂಕ ಹಾಕಿತು. ಆ ಪಟ್ಟಿಯಲ್ಲಿ ರೋಕ್‌ಫೋರ್ ಕೂಡ ಇತ್ತು: ದಕ್ಷಿಣ ಫ್ರಾನ್ಸಿನಲ್ಲಿ ಕುರಿ ಹಾಲಿನಿಂದ ಮಾಡಿ ಗುಹೆಯಲ್ಲಿ ಹಣ್ಣಾಗಿಸುವ ನೀಲಿ ಗೆರೆಯ ಚೀಸು. ಕುರಿ ಸಾಕಿ ಆ ಚೀಸಿಗೆ ಹಾಲು ಹಾಕುವವರಲ್ಲಿ ಜೋಸೆ ಬೋವೆ ಒಬ್ಬ. 1999ರ ಆಗಸ್ಟ್ 12ರಂದು ಆತ ತನ್ನ ಸಂಗಡಿಗರೊಂದಿಗೆ ಮಿಯೋ ಪಟ್ಟಣದಲ್ಲಿ ಕಟ್ಟುತ್ತಿದ್ದ ಮೆಕ್‌ಡೊನಾಲ್ಡ್ಸ್ ಹೋಟೆಲನ್ನು ಹಾಡುಹಗಲೇ ಬಿಚ್ಚಿ ಹಾಕಿದ, ಜೈಲಿಗೂ ಹೋದ. ರೈತನೊಬ್ಬ ರಾತ್ರೋರಾತ್ರಿ ರಾಷ್ಟ್ರನಾಯಕನಾದ. ಬೆಂಗಳೂರಿನವರಿಗೆ ಇದು ಅಪರಿಚಿತ ದೃಶ್ಯವಲ್ಲ. 1996ರಲ್ಲೇ ಇಲ್ಲಿ ರೈತ ಸಂಘದವರು ಕೆಂಟಕಿ ಫ್ರೈಡ್ ಚಿಕನ್ ಅಂಗಡಿಗೆ ನುಗ್ಗಿದ್ದರು. ಮುಂದೆ ಬೋವೆಯೂ ನಮ್ಮ ಎಂ. ಡಿ. ನಂಜುಂಡಸ್ವಾಮಿಯವರೂ ಒಂದೇ ಹೋರಾಟದ ಜೊತೆಗಾರರಾಗಿದ್ದರು.

ಹೀಗಾಗಿ ಫ್ರೆಂಚ್ ಮನೆಯೊಡತಿ "ನೀವು ಬರ್ಗರ್ ಬಿಟ್ಟು ಬೇರೇನು ತಿನ್ನುತ್ತೀರಿ?" ಅಂದಾಗ ಅದರ ಹಿಂದೆ ಒಂದು ಸುಂಕದ ಸಮರ, ಒಂದು ಚೀಸು, ಹಳ್ಳಿಗಳು ಖಾಲಿಯಾಗುವ ಭಯ ಇಷ್ಟೂ ಇರುತ್ತದೆ. ತಮಾಷೆ ಅಂದರೆ ಅಮೆರಿಕದ ಹೊರಗೆ ಆ ಕಂಪನಿಗೆ ಅತಿ ಹೆಚ್ಚು ಲಾಭದ ದೇಶಗಳಲ್ಲಿ ಫ್ರಾನ್ಸ್ ಒಂದು. 1,500ಕ್ಕೂ ಹೆಚ್ಚು ಅಂಗಡಿಗಳು ಅಲ್ಲಿವೆ. ಹಳದಿ ಬಸ್ಸಿನ ಪ್ರಶ್ನೆ ಕೇಳಿದ ಹುಡುಗ ವಾರಕ್ಕೊಮ್ಮೆ "ಮಕ್‌ದೋ"ಗೆ ಹೋಗುತ್ತಾನೆ, ಅಮ್ಮನಿಗೆ ಹೇಳುವುದಿಲ್ಲ.

ಇನ್ನು ನಗು. ಅಮೆರಿಕದವರು ಸುಮ್ಮಸುಮ್ಮನೆ ನಗುತ್ತಾರೆ, ಆದ್ದರಿಂದ ಟೊಳ್ಳು ಅನ್ನುವುದು ಫ್ರೆಂಚರ ಅಚ್ಚುಮೆಚ್ಚಿನ ಅಚ್ಚು. 1992ರ ಏಪ್ರಿಲ್‌ನಲ್ಲಿ ಪ್ಯಾರಿಸ್ ಹೊರವಲಯದಲ್ಲಿ ಡಿಸ್ನಿ ಉದ್ಯಾನ ತೆರೆದಾಗ ಅದಕ್ಕೆ ಪುಷ್ಟಿ ಸಿಕ್ಕಿತು. ಅಲ್ಲಿನ ನೌಕರರಿಗೆ ಗಡ್ಡ ಮೀಸೆ ಇರಬಾರದು, ಸದಾ ನಗುಮುಖ ಇರಬೇಕು ಎಂಬ ನಿಯಮ ಹಾಕಿದ್ದಕ್ಕೆ ಕಾರ್ಮಿಕ ಸಂಘಗಳು ತಿರುಗಿ ಬಿದ್ದವು. ನಗುವುದೂ ಡ್ಯೂಟಿಯಾ? ರಂಗ ನಿರ್ದೇಶಕಿ ಅರಿಯಾನ್ ನೂಶ್ಕಿನ್ ಇಡೀ ಉದ್ಯಾನವನ್ನೇ "ಸಾಂಸ್ಕೃತಿಕ ಚೆರ್ನೊಬಿಲ್" ಅಂದದ್ದು ಮನೆಮಾತಾಯಿತು. ಉದ್ಯಾನದೊಳಗೆ ಮದ್ಯ ಮಾರುವುದಿಲ್ಲ ಎಂದಿದ್ದ ಕಂಪನಿ ಒಂದೇ ವರ್ಷದಲ್ಲಿ ಸೋತು, ಊಟದ ಜೊತೆ ವೈನ್ ಇಟ್ಟಿತು.

ನಗುವಿನ ವಿಷಯದಲ್ಲಿ ಇಬ್ಬರೂ ತಪ್ಪಿಲ್ಲ, ಲೆಕ್ಕ ಹಾಕುವ ರೀತಿ ಬೇರೆ. ಅಮೆರಿಕದಲ್ಲಿ ಅಪರಿಚಿತರಿಗೆ ಬೀರುವ ನಗು ಒಂದು ನಮಸ್ಕಾರ: ನನ್ನಿಂದ ನಿನಗೆ ತೊಂದರೆ ಇಲ್ಲ ಅನ್ನುವ ಸಂಕೇತ. ಫ್ರಾನ್ಸಿನಲ್ಲಿ ಆ ಕೆಲಸ ಮಾಡುವುದು ನಗುವಲ್ಲ, "ಬೊಂಜೂರ್" ಎಂಬ ಮಾತು. ಬೇಕರಿಗೆ ಹೋಗಿ ಬೊಂಜೂರ್ ಹೇಳದೆ, ಚೆಂದವಾಗಿ ನಕ್ಕು "ಒಂದು ಬ್ರೆಡ್ ಕೊಡಿ" ಅಂದರೆ ಅಂಗಡಿಯಾಕೆಯ ಹುಬ್ಬು ಗಂಟಿಕ್ಕುತ್ತದೆ. ಹುಡುಗಿ ಹೊರಬಂದು ಫ್ರೆಂಚರು ಒರಟರು ಅಂತಾಳೆ. ಅಂಗಡಿಯಾಕೆ ಒಳಗೆ ಅಮೆರಿಕದವರಿಗೆ ನಡತೆ ಗೊತ್ತಿಲ್ಲ ಅಂತಾಳೆ. ಒಬ್ಬರ ಮರ್ಯಾದೆಯೇ ಇನ್ನೊಬ್ಬರ ಕಣ್ಣಿಗೆ ಅವಮರ್ಯಾದೆಯಾಗಿ ಕಂಡು, ಒಂದೇ ನಿಮಿಷದಲ್ಲಿ ಎರಡು ಅಚ್ಚು ಸಿದ್ಧ.

ಊಟದ ಮೇಜಿನಲ್ಲಿ ನಡೆಯುವುದೂ ಇದೇ, ಇನ್ನೂ ಜೋರಾಗಿ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಕೇಳಿ ಬೆಳೆದವರು ನಾವು. ಉಣ್ಣುವಾಗ ಮಾತಾಡಬೇಡ ಅಂತ ಗದರಿಸಿಕೊಂಡವರೂ ಹೌದು. ಫ್ರೆಂಚ್ ಮನೆಯಲ್ಲಿ ಆ ಗಾದೆ ತಲೆಕೆಳಗು; ಮಾತು ಬಲ್ಲವನಿಗೇ ಜಗಳ. ಅಲ್ಲಿನ ಹೈಸ್ಕೂಲಿನ ಕೊನೆಯ ವರ್ಷದಲ್ಲಿ ತತ್ವಶಾಸ್ತ್ರದ ನಾಲ್ಕು ತಾಸಿನ ಪರೀಕ್ಷೆ ಇದೆ. ಒಂದು ಮಾತನ್ನು ಮಂಡಿಸು, ಅದನ್ನು ಖಂಡಿಸು, ಎರಡನ್ನೂ ತೂಗು ಅನ್ನುವುದನ್ನು ಹದಿನೇಳು ಹದಿನೆಂಟರಲ್ಲೇ ಕಲಿಸುತ್ತಾರೆ. ಸೂಪು, ಮಾಂಸದಡುಗೆ, ಅದಾದ ಮೇಲೆ ಸಲಾಡು, ಆಮೇಲೆ ಚೀಸು, ಕೊನೆಗೆ ಸಿಹಿ. ಇಷ್ಟು ಸರದಿಗಳ ನಡುವೆ ಸಮಯಕ್ಕೇನೂ ಬರವಿಲ್ಲ. "ನಾನು ಒಪ್ಪುವುದಿಲ್ಲ" ಅನ್ನುವುದು ಅಲ್ಲಿ ಎದುರಿನವರನ್ನು ಮಾತಿಗೆ ಕರೆಯುವ ರೀತಿ. ನಿನ್ನ ಅಭಿಪ್ರಾಯ ವಾದ ಮಾಡುವಷ್ಟು ಬೆಲೆಯುಳ್ಳದ್ದು ಎಂದರ್ಥ.

ಅಮೆರಿಕದ ಮಧ್ಯಮವರ್ಗದ ಮನೆಗಳಲ್ಲಿ ಮಕ್ಕಳಿಗೆ ಕಲಿಸುವುದು ಉಲ್ಟಾ. ಅತಿಥಿಗಳ ಮುಂದೆ ರಾಜಕೀಯ, ಧರ್ಮ ಎತ್ತಬೇಡ. ಹೀಗೆ ಬೆಳೆದ ಹುಡುಗಿಗೆ "ನಿಮ್ಮ ಅಧ್ಯಕ್ಷರ ಬಗ್ಗೆ ಏನನ್ನಿಸುತ್ತೆ? ಮರಣದಂಡನೆ ಇನ್ನೂ ಯಾಕಿಟ್ಟುಕೊಂಡಿದ್ದೀರಿ?" ಅಂತ ಪಟಪಟ ಕೇಳಿದರೆ ಆಕೆ ದಾಳಿಯಾಯಿತು ಅಂದುಕೊಂಡು, ಸೌಜನ್ಯದಿಂದ "ಅದು ಸ್ವಲ್ಪ ಕ್ಲಿಷ್ಟ" ಅಂದು ಸುಮ್ಮನಾಗುತ್ತಾಳೆ. ಮನೆಯವರಿಗೆ ಆ ಮೌನ ಕಾಣುವುದು ಖಾಲಿತನವಾಗಿ: ಅಮೆರಿಕದವರಿಗೆ ತಮ್ಮ ದೇಶದ ಬಗ್ಗೆಯೂ ಏನೂ ಗೊತ್ತಿಲ್ಲ. ಅಜ್ಞಾನಿ ಅಮೆರಿಕನ್ ಎಂಬ ಅಚ್ಚು ಎಷ್ಟೋ ಸಲ ಹೀಗೆ, ಅತಿ ಸೌಜನ್ಯದಿಂದ ಮೂಡುತ್ತದೆ. ನನ್ನ ಸೊಸೆಗೆ ಇದು ಹೊಳೆಯಲು ಒಂದು ತಿಂಗಳು ಹಿಡಿಯಿತು.

ಜರ್ಮನ್ ಮೂಲದ ಮನಶ್ಶಾಸ್ತ್ರಜ್ಞ ಕುರ್ಟ್ ಲೆವಿನ್ 1936ರಲ್ಲೇ ಅಮೆರಿಕದವರನ್ನೂ ಜರ್ಮನರನ್ನೂ ಹೋಲಿಸಿ, ಮನುಷ್ಯನ ಸುತ್ತಲಿನ ಪದರಗಳ ಮಾತಾಡಿದ್ದ: ಅಮೆರಿಕದವರ ಹೊರಪದರಗಳು ಮೆತ್ತಗೆ, ಬೇಗ ಒಳಗೆ ಬಿಡುತ್ತವೆ, ತೀರಾ ಒಳಗಿನದು ಗಟ್ಟಿ, ಜರ್ಮನರದು ಹೊರಗೇ ಗಟ್ಟಿ. ಮುಂದೆ ಇದನ್ನು ಫ್ರೆಂಚರಿಗೂ ಅನ್ವಯಿಸಿದರು. ನಮ್ಮ ಲೆಕ್ಕದಲ್ಲಿ ಒಬ್ಬರು ಮಾವಿನಹಣ್ಣು, ಇನ್ನೊಬ್ಬರು ತೆಂಗಿನಕಾಯಿ. ಉಪಯೋಗಕ್ಕೆ ಬರುವ ಹೋಲಿಕೆ ಹೌದು, ಆದರೆ ಇದೂ ಒಂದು ಅಚ್ಚೇ ಅನ್ನುವುದು ಮರೆಯಬಾರದು. ಭಾಷೆಯಲ್ಲಿ ಮಾತ್ರ ಈ ಪದರಗಳು ಕಣ್ಣಿಗೆ ಕಾಣುವಷ್ಟು ಸ್ಪಷ್ಟ. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ "ಯೂ". ಫ್ರೆಂಚಿನಲ್ಲಿ ನೀನು, ನೀವು ಬೇರೆ ಬೇರೆ. ಸಹಪಾಠಿಗಳು ಪುಟ್ಟ ಮಗುವಿಗೆ ನೀವು, ಪ್ರೊಫೆಸರರಿಗೆ ನೀನು ಅನ್ನುತ್ತಾ ಒದ್ದಾಡುವಾಗ ಇವಳಿಗೆ ಮಾತ್ರ ಅದು ಸಲೀಸು. ಕನ್ನಡ ಮಾತಾಡುವ ಮನೆಯಲ್ಲಿ ಬೆಳೆದಿದ್ದಕ್ಕೆ ಸಿಕ್ಕ ಸಣ್ಣ ಬಡ್ಡಿ.

ಹಾಗಂತ ಎಡವಲಿಲ್ಲ ಅಂತಲ್ಲ. ಫ್ರೆಂಚ್ ತಿಂಡಿಗಳಲ್ಲಿ ಕೆಡದಂತೆ ಹಾಕುವ ರಾಸಾಯನಿಕ ಕಡಿಮೆ ಅಂತ ಹೊಗಳಲು ಹೋಗಿ, ಇಂಗ್ಲಿಷಿನ ಪ್ರಿಸರ್ವೇಟಿವ್ ಅನ್ನು ಫ್ರೆಂಚ್ ಮಾಡಿ "ಪ್ರೆಸೆರ್ವಾತಿಫ್" ಅಂದುಬಿಟ್ಟಳು. ಆ ಪದಕ್ಕೆ ಅಲ್ಲಿ ಕಾಂಡೋಮ್ ಎಂದರ್ಥ. ಅಜ್ಜ ಬ್ರೆಡ್ಡನ್ನೇ ದಿಟ್ಟಿಸಿ ನೋಡಿದರಂತೆ.

ಮಡಿವಂತ ಅಮೆರಿಕ ಎಂಬ ಇನ್ನೊಂದು ಅಚ್ಚು ಇದೆ. ಅದು ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಅವರ ವಿವಾಹದಾಚೆಯ ಸಂಬಂಧ ರಂಪವಾದ 1998ರ ಎರಕ. ಫ್ರೆಂಚ್ ಅಧ್ಯಕ್ಷ ಮಿತ್ತೆರಾನ್‌ಗೆ ವಿವಾಹದಾಚೆ ಒಬ್ಬ ಮಗಳಿದ್ದಳು ಅನ್ನುವುದು 1994ರಲ್ಲಿ ಬಹಿರಂಗವಾಗಿ, 1996ರ ಅಂತ್ಯಕ್ರಿಯೆಯಲ್ಲಿ ಎರಡೂ ಕುಟುಂಬಗಳು ನಿಂತಿದ್ದನ್ನು ಕಂಡ ಜನಕ್ಕೆ ವಾಷಿಂಗ್ಟನ್ನಿನ ರಂಪಾಟ ವಿಚಿತ್ರವಾಗಿ ಕಂಡಿತ್ತು. ಆದರೆ 2017ರ ಮೀಟೂ ಚಳವಳಿಯ ನಂತರ ಆ ನೆಮ್ಮದಿ ಫ್ರಾನ್ಸಿನಲ್ಲೂ ಕದಡಿತು. ಲೈಂಗಿಕ ಕಿರುಕುಳದ ಮಾತು ಬಂದರೆ ಈಗ ಅಲ್ಲಿ ಜಗಳ ನಡೆಯುವುದು ಅತಿಥಿಯ ಜೊತೆಗಲ್ಲ, ಅಜ್ಜಿ ಮೊಮ್ಮಗಳ ನಡುವೆ. ಅಜ್ಜಿ "ಇದೆಲ್ಲ ಅಮೆರಿಕದ ಹುಚ್ಚು" ಅಂದರೆ ಬೈಸಿಕೊಳ್ಳುತ್ತಿರುವುದು ಮೊಮ್ಮಗಳು.

ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ. ಫ್ರೆಂಚರು ಅಮೆರಿಕದ ಬಗ್ಗೆ ಆಡುವ ಮಾತಿನಲ್ಲಿ ಬಹುಪಾಲು ಫ್ರಾನ್ಸಿನ ಬಗ್ಗೆ. ನಿಮಗೆ ರಜೆಯೇ ಇಲ್ಲವಂತೆ, ಆಸ್ಪತ್ರೆಗೆ ಹೋದರೆ ಮನೆ ಮಾರಬೇಕಂತೆ ಎಂಬ ಕನಿಕರದ ಪ್ರಶ್ನೆಗಳನ್ನೇ ನೋಡಿ. ಫ್ರಾನ್ಸಿನಲ್ಲಿ ಸಂಬಳದ ರಜೆ 1936ರ ಮುಷ್ಕರಗಳಿಂದ ಬಂತು, ಮೊದಲು ಎರಡು ವಾರ. 1982ಕ್ಕೆ ಅದು ಐದು ವಾರ. ಸಾಮಾಜಿಕ ಭದ್ರತೆ 1945ರದು. ಖಾಸಗಿ ಕಂಪನಿಗಳು ಸಂಬಳದ ರಜೆ ಕೊಡಲೇಬೇಕು ಎಂಬ ಕೇಂದ್ರ ಕಾನೂನು ಅಮೆರಿಕದಲ್ಲಿ ಇಂದಿಗೂ ಇಲ್ಲ. ತಮ್ಮ ಸರ್ಕಾರ ಪಿಂಚಣಿಗೋ ಆಸ್ಪತ್ರೆಗೋ ಕತ್ತರಿ ಹಾಕಿದಾಗೆಲ್ಲ ಫ್ರೆಂಚರ ಬಾಯಲ್ಲಿ ಬರುವುದು "ಅಮೆರಿಕದ ಥರ ಆಗಿಬಿಡುತ್ತೇವೆ" ಅನ್ನುವ ಮಾತು. ಆಗ ಅಮೆರಿಕ ಒಂದು ದೇಶವಲ್ಲ, ಹೊಲಕ್ಕೆ ನೆಟ್ಟ ಬೆದರುಬೊಂಬೆ.

ಹೊಸ ಬೆದರುಬೊಂಬೆಯ ಕಥೆ ಇನ್ನೂ ಸೊಗಸು. 2020ರ ಅಕ್ಟೋಬರ್‌ನ ಭಾಷಣವೊಂದರಲ್ಲಿ ಅಧ್ಯಕ್ಷ ಮಾಕ್ರೋನ್, ಅಮೆರಿಕದಿಂದ ಆಮದಾದ ಕೆಲವು ಸಮಾಜಶಾಸ್ತ್ರೀಯ ಸಿದ್ಧಾಂತಗಳ ಬಗ್ಗೆ ಎಚ್ಚರಿಸಿದರು. ಜನಾಂಗ, ವಸಾಹತು, ಅಸ್ಮಿತೆ ಅಂತೆಲ್ಲ ಅಮೆರಿಕದ ವಿಶ್ವವಿದ್ಯಾಲಯಗಳು ಆಡುವ ಮಾತು ಫ್ರಾನ್ಸನ್ನು ಒಡೆಯುತ್ತದೆ ಎಂಬ ಆತಂಕ ಅದು. ಆ ಸಿದ್ಧಾಂತಗಳ ಬೀಜ ಎಲ್ಲಿಯದು? 1966ರಲ್ಲಿ ಫ್ರೆಂಚ್ ದಾರ್ಶನಿಕ ದೆರಿದಾ ಅಮೆರಿಕದ ಬಾಲ್ಟಿಮೋರ್‌ನ ಸಮ್ಮೇಳನಕ್ಕೆ ಹೋಗಿ ಪ್ರಬಂಧ ಓದಿದ್ದು, ಆಮೇಲೆ ಇನ್ನೊಬ್ಬ ಫ್ರೆಂಚ್ ದಾರ್ಶನಿಕ ಫೂಕೊ ಅಲ್ಲಿನ ಕ್ಯಾಂಪಸ್ಸುಗಳಲ್ಲಿ ಆರಾಧ್ಯನಾದದ್ದು ಎಲ್ಲ ಬಲ್ಲ ಸಂಗತಿ. ಅಮೆರಿಕದವರು ಅದನ್ನು "ಫ್ರೆಂಚ್ ಥಿಯರಿ" ಅಂತಲೇ ಕರೆಯುತ್ತಾರೆ. ನಮ್ಮಲ್ಲಿಂದ ಹೋದ ಹತ್ತಿ ಮಿಲ್ಲಿನ ಬಟ್ಟೆಯಾಗಿ ವಾಪಸು ಬಂದಂತೆ.

ಅಮೆರಿಕದ ಕಡೆಯ ಅಚ್ಚುಗಳೂ ಕಡಿಮೆ ಇಲ್ಲ. 1945ರಲ್ಲಿ ಫ್ರಾನ್ಸಿನಲ್ಲಿದ್ದ ಅಮೆರಿಕದ ಸೈನಿಕರು ಫ್ರೆಂಚರ ಮೇಲೆ ಹೊರಿಸುತ್ತಿದ್ದ 112 ದೂರುಗಳನ್ನು ಪಟ್ಟಿ ಮಾಡಿ, ಒಂದೊಂದಕ್ಕೂ ಸಮಾಧಾನದ ಉತ್ತರ ಬರೆದು ಸೇನೆಯೇ ಒಂದು ಕೈಪಿಡಿ ಹಂಚಿತ್ತು. ಫ್ರೆಂಚರು ಕೊಳಕರು ಅನ್ನುವ ದೂರಿಗೆ ಅದರ ಉತ್ತರ ಸರಳ: ಜರ್ಮನರ ಆಳ್ವಿಕೆಯಲ್ಲಿ ಅವರಿಗೆ ಸರಿಯಾದ ಸಾಬೂನೇ ಸಿಕ್ಕಿಲ್ಲ. ಆ ಪುಸ್ತಿಕೆಯ ಜಾಣತನ ನನಗೆ ಬಹಳ ಹಿಡಿಸಿತು. ಬೈಗುಳಕ್ಕೆ ಬೈಗುಳ ಕೊಡದೆ, ಹಾಗೇಕೆ ಕಾಣುತ್ತದೆ ಅಂತ ಹುಡುಕುತ್ತದೆ. ಆದರೆ ಅದರ ಪಾಠ ಉಳಿಯಲಿಲ್ಲ. 2003ರಲ್ಲಿ ಇರಾಕ್ ಯುದ್ಧಕ್ಕೆ ಫ್ರಾನ್ಸ್ ಒಲ್ಲೆ ಅಂದಾಗ ಅಮೆರಿಕದ ಸಂಸತ್ತಿನ ಕ್ಯಾಂಟೀನಿನಲ್ಲಿ ಫ್ರೆಂಚ್ ಫ್ರೈಸ್ "ಫ್ರೀಡಮ್ ಫ್ರೈಸ್" ಆಯಿತು. ಆಲೂಗಡ್ಡೆ ಕರಿದದ್ದು ಮೊದಲು ಬೆಲ್ಜಿಯಂನವರು ಅಂತ ಫ್ರೆಂಚ್ ರಾಯಭಾರ ಕಚೇರಿ ತಣ್ಣಗೆ ನೆನಪಿಸಿತು. 2006ರಲ್ಲಿ ಹಳೆಯ ಹೆಸರು ಸದ್ದಿಲ್ಲದೆ ಮರಳಿತು.

ಇಷ್ಟೆಲ್ಲ ಅಚ್ಚುಗಳಲ್ಲಿ ನನ್ನ ಸೊಸೆಯ ಮುಖಕ್ಕೆ ಹೊಂದುವುದು ಒಂದೂ ಇರಲಿಲ್ಲ ಅನ್ನುವುದು ಬೇರೆ ಮಾತು. ಕಂದು ಬಣ್ಣ, ಕನ್ನಡದ ಹೆಸರು. ಅಮೆರಿಕದವಳು ಅಂದರೆ "ಅದು ಸರಿ, ನಿಜವಾಗಿ ಎಲ್ಲಿಯವಳು?" ಅನ್ನುವ ಪ್ರಶ್ನೆ ಬೇಕರಿಯಿಂದ ಬಸ್ ನಿಲ್ದಾಣದವರೆಗೆ. ಅವಳು "ಇಂಡಿಯನ್ ಅಮೆರಿಕನ್" ಅಂತ ಎರಡು ಪದ ಕೂಡಿಸಿ ಹೇಳಿದರೆ ಮನೆಯೊಡತಿಗೆ ಕಸಿವಿಸಿ: ಯಾಕೆ ನಿನ್ನನ್ನು ನೀನೇ ಅರ್ಧ ಮಾಡಿಕೊಳ್ಳುತ್ತೀ?

ಅದು ಚುಚ್ಚುಮಾತಲ್ಲ, ಫ್ರೆಂಚ್ ಗಣರಾಜ್ಯದ ಸಿದ್ಧಾಂತ. ಅಲ್ಲಿ ಪ್ರಜೆ ಅಂದರೆ ಪ್ರಜೆ. ಜನಗಣತಿಯಲ್ಲಿ ಜನಾಂಗ, ಧರ್ಮ ಕೇಳುವುದಿಲ್ಲ. ಅಂಥ ಮಾಹಿತಿ ಕಲೆಹಾಕುವುದಕ್ಕೇ 1978ರ ಕಾನೂನು ಬಿಗಿಯಾದ ತಡೆ ಹಾಕಿದೆ. ಅಮೆರಿಕದ ಗಣತಿಯಲ್ಲಿ ಧರ್ಮ ಕೇಳದಿದ್ದರೂ ಜನಾಂಗದ ಪ್ರಶ್ನೆ ಇದ್ದೇ ಇರುತ್ತದೆ. 2018ರಲ್ಲಿ ಫ್ರಾನ್ಸ್ ಫುಟ್‌ಬಾಲ್ ವಿಶ್ವಕಪ್ ಗೆದ್ದಾಗ, ಅಮೆರಿಕದ ಟಿವಿಯಲ್ಲಿ ಕಾರ್ಯಕ್ರಮ ನಡೆಸುತ್ತಿದ್ದ ದಕ್ಷಿಣ ಆಫ್ರಿಕಾದ ಹಾಸ್ಯಗಾರ ಟ್ರೆವರ್ ನೋವಾ, ಆಟಗಾರರ ಬಣ್ಣ ನೋಡಿ ಆಫ್ರಿಕಾ ಗೆದ್ದಿತು ಅಂತ ಖುಷಿಪಟ್ಟ. ವಾಷಿಂಗ್ಟನ್ನಿನ ಫ್ರೆಂಚ್ ರಾಯಭಾರಿ ಜೆರಾರ್ ಅರೋ ಸಿಟ್ಟಿನಿಂದ ಪತ್ರ ಬರೆದರು: ಆ 23 ಆಟಗಾರರಲ್ಲಿ ಇಬ್ಬರನ್ನು ಬಿಟ್ಟು ಎಲ್ಲರೂ ಫ್ರಾನ್ಸಿನಲ್ಲೇ ಹುಟ್ಟಿದವರು, ಅವರು ಫ್ರೆಂಚರು, ಅಷ್ಟೇ. ನೋವಾ ಪತ್ರವನ್ನು ಕಾರ್ಯಕ್ರಮದಲ್ಲೇ ಓದಿ, ಎರಡೂ ಆಗಿರಲು ಯಾಕಾಗುವುದಿಲ್ಲ ಅಂತ ಕೇಳಿದ. ಇಬ್ಬರೂ ತಾವು ಆಟಗಾರರ ಪರವಾಗಿಯೇ ಮಾತಾಡುತ್ತಿದ್ದೇವೆ ಅಂದುಕೊಂಡಿದ್ದರು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ, ಸೊಸೆ ಅದನ್ನು ಚೀಸಿನ ಸರದಿಯಲ್ಲಿ ಎತ್ತಿದಳಂತೆ: ಜನಾಂಗ ನೋಡದ ದೇಶದಲ್ಲಿ ನಾನು ನಿಜವಾಗಿ ಎಲ್ಲಿಯವಳು ಅಂತ ಎಲ್ಲರೂ ಯಾಕೆ ಕೇಳುತ್ತಾರೆ? ಆ ರಾತ್ರಿ ಮೇಜಿನಿಂದ ಎದ್ದಾಗ ಹನ್ನೊಂದೂವರೆ. ಅಲ್ಲಿಂದಾಚೆಗೆ ಅವಳನ್ನು ಅತಿಥಿಯಂತೆ ನೋಡುವುದು ನಿಂತಿತು.

ಅಜ್ಜನ ಬಂದೂಕಿನ ಪ್ರಶ್ನೆಗೂ ಒಂದು ಕಾಲವಿತ್ತು. 1943ರಲ್ಲಿ ಜರ್ಮನರ ವಶದಲ್ಲಿದ್ದ ರೆನ್ ನಗರದ ರೈಲು ಜಾಲದ ಮೇಲೆ ಅಮೆರಿಕದ ವಿಮಾನಗಳು ಬಾಂಬು ಹಾಕಿದಾಗ ನೂರಾರು ನಾಗರಿಕರು ಸತ್ತಿದ್ದರು. 1944ರ ಆಗಸ್ಟ್ 4ರಂದು ಅದೇ ಅಮೆರಿಕದ ಸೇನೆ ಊರನ್ನು ಬಿಡುಗಡೆ ಮಾಡಿತು. ಅಜ್ಜನಿಗೆ ಆಗ ಆರು ವರ್ಷ. ಅವರ ನೆನಪಿನಲ್ಲಿ ಎರಡೂ ಇವೆ: ದೊಡ್ಡಮ್ಮನ ಮನೆಯ ಜಾಗದಲ್ಲಿ ಉಳಿದ ಹಳ್ಳ, ಮತ್ತು ಕೋವಿ ಹೆಗಲಿಗೇರಿಸಿಕೊಂಡ ಸೈನಿಕನೊಬ್ಬ ಕೊಟ್ಟ ಚೂಯಿಂಗ್ ಗಮ್. ನುಂಗಬೇಕೋ ಉಗಿಯಬೇಕೋ ಗೊತ್ತಾಗದೆ ನುಂಗಿಬಿಟ್ಟರಂತೆ. ಜೀವನದಲ್ಲಿ ಕಂಡ ಮೊದಲ ಅಮೆರಿಕದವನ ಕೈಯಲ್ಲಿ ಬಂದೂಕಿತ್ತು. ಎಂಬತ್ತು ದಾಟಿದ ಮೇಲೂ ಮೊದಲು ಬಾಯಿಗೆ ಬಂದದ್ದು ಅದೇ.

ಸೊಸೆ ಹೊರಡುವ ಹಿಂದಿನ ರಾತ್ರಿ ಅಜ್ಜ ಬ್ರೆಡ್ ಮುರಿಯುತ್ತಾ ಮತ್ತೆ ಕೇಳಿದರಂತೆ, ಮನೆಯಲ್ಲಿ ಬಂದೂಕು ಎಷ್ಟು ಅಂತ. "ಏಳು," ಅಂದಳು. "ಅದರಲ್ಲಿ ಎರಡು ನಮ್ಮಜ್ಜಿಯವು." ತುಮಕೂರಿನಲ್ಲಿರುವ ನಮ್ಮಮ್ಮನಿಗೆ ಈ ಸುದ್ದಿ ಇನ್ನೂ ಮುಟ್ಟಿಸಿಲ್ಲ.